ಘಟ್ಟದ ಮೇಲಿನ ನೊಣ, ಘಟ್ಟದ ಕೆಳಗಿನ ನೊಣ

(ಕಾರವಾರದಲ್ಲಿ ಕಾಲೇಜು ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚೆ ನೊಣದ ಉಪನ್ಯಾಸ ಇಟ್ಟಿದ್ದಾರೆ. ಸಂಘಟಕರ ಧೈರ್ಯ ಮೆಚ್ಚಬೇಕು. ಚಿತ್ರಗಳನ್ನು ಆದಷ್ಟು ಕಡಿಮೆ ತೋರಿಸುತ್ತೇನೆ, ಹೆದರಬೇಡಿ.

ನಾನು ಮಾತಾಡುವುದು ಮನೆನೊಣದ ಬಗ್ಗೆ ಅಲ್ಲ. ಮೀನು ಮಾರ್ಕೆಟ್ಟಿನಲ್ಲಿ, ಕಸದ ರಾಶಿಯ ಮೇಲೆ, ಮಳೆಗೆ ಬಿದ್ದು ಕೊಳೆತ ಹಲಸಿನ ಹಣ್ಣಿನ ಮೇಲೆ ಹಸಿರು-ನೀಲಿಯಾಗಿ ಮಿರುಗುತ್ತ ಕೂರುವ ದಪ್ಪ ನೊಣ ಇದೆಯಲ್ಲ, ಅದರ ಬಗ್ಗೆ. ಇಂಗ್ಲಿಷಿನಲ್ಲಿ ಬ್ಲೋ ಫ್ಲೈ ಅನ್ನುತ್ತಾರೆ. ಕುಟುಂಬದ ಹೆಸರು ಕ್ಯಾಲಿಫೋರಿಡೇ. ಜಗತ್ತಿನಲ್ಲಿ ಸಾವಿರಕ್ಕೂ ಮಿಕ್ಕಿ ಜಾತಿಗಳಿವೆ. ನಮ್ಮಲ್ಲಿ ಜಾಸ್ತಿ ಕಾಣುವುದು ಕ್ರೈಸೋಮಿಯಾ ಮೆಗಾಸೆಫಲಾ.

ಒಂದು ಸತ್ತ ನೊಣವನ್ನು ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸಿನ ಕೆಳಗೆ ಇಟ್ಟು ನೋಡಿ. ಕೆನ್ನೆ ಕಿತ್ತಳೆ ಬಣ್ಣ. ಕಣ್ಣು ಇಟ್ಟಿಗೆ ಕೆಂಪು. ಎರಡೂ ಕಣ್ಣು ನೆತ್ತಿಯ ಮೇಲೆ ಕೂಡಿಕೊಂಡಿದ್ದರೆ ಅದು ಗಂಡು, ನಡುವೆ ಅಗಲವಾಗಿ ಜಾಗ ಬಿಟ್ಟಿದ್ದರೆ ಹೆಣ್ಣು. ಗಂಡಿನ ಕಣ್ಣನ್ನು ಇನ್ನೂ ಸರಿಯಾಗಿ ನೋಡಿದರೆ ಮೇಲರ್ಧದ ಹರಳುಗಳು ದೊಡ್ಡವು, ಕೆಳಗಿನವು ಸಣ್ಣವು. ನಡುವೆ ಗೆರೆ ಎಳೆದ ಹಾಗೆ ಗಡಿ ಕಾಣುತ್ತದೆ. ಇಷ್ಟು ಚೆಂದದ ಕಣ್ಣನ್ನು ನಾವು ಚಪ್ಪಲಿಯಲ್ಲಿ ಹೊಡೆದು ಹಾಕುತ್ತೇವೆ.

ಈಗ ಪ್ರಶ್ನೆಗೆ ಬರೋಣ. ಕಾರವಾರದ ಮಾರ್ಕೆಟ್ಟಿನ ನೊಣ ಮತ್ತು ಶಿರಸಿಯ ಪೇಟೆಯ ನೊಣ ಒಂದೇ ಬಳಗದವಾ? ಜಾತಿ ಒಂದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಅವು ಒಂದಕ್ಕೊಂದು ಕೂಡುತ್ತವಾ, ಮೊಟ್ಟೆ ಇಡುತ್ತವಾ, ಸಂಬಂಧ ನಡೆಯುತ್ತಿದೆಯಾ? ಅಥವಾ ದೇವಿಮನೆ ಘಟ್ಟ, ಅರಬೈಲ್ ಘಟ್ಟ ಅವನ್ನು ಬೇರೆ ಮಾಡಿವೆಯಾ?

ಮೊದಲು ಬಾಯಿಗೆ ಬರುವ ಉತ್ತರ, 'ರೆಕ್ಕೆ ಇರುವ ಪ್ರಾಣಿಗೆ ಘಟ್ಟ ಏನು ಲೆಕ್ಕ?' ಅದೂ ಅಲ್ಲದೆ ನೊಣ ಹಾರಲೇಬೇಕು ಅಂತೇನೂ ಇಲ್ಲ. ಬೆಳಿಗ್ಗೆ ಮೀನು ತುಂಬಿಕೊಂಡು ಘಟ್ಟ ಹತ್ತುವ ಗಾಡಿಯಲ್ಲಿ, ಬೈಕಿಗೆ ಕಟ್ಟಿದ ಪೆಟ್ಟಿಗೆಯಲ್ಲಿ ಟಿಕೆಟ್ ಇಲ್ಲದೆ ಹೋಗುತ್ತದೆ. ಈ ಜಾತಿಯ ಚರಿತ್ರೆಯೇ ಹಾಗಿದೆ. 1970ರ ದಶಕದಲ್ಲಿ ಇದು ಬ್ರೆಜಿಲ್ಲಿನಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ಅಮೆರಿಕ ಖಂಡದಲ್ಲೆಲ್ಲ ಹರಡಿತು. ಅಟ್ಲಾಂಟಿಕ್ ಸಾಗರವನ್ನು ಯಾವ ನೊಣವೂ ಹಾರಿ ದಾಟಿಲ್ಲ.

ಆದರೆ ಇನ್ನೊಂದು ಕಡೆಯ ಸಾಕ್ಷಿಯೂ ಇದೆ. ಅಮೆರಿಕ ಖಂಡದಲ್ಲಿ ಕೋಕ್ಲಿಯೋಮಿಯಾ ಹೋಮಿನಿವೊರಾಕ್ಸ್ ಅಂತ ಇನ್ನೊಂದು ನೊಣ ಇದೆ. ಸ್ಕ್ರೂವರ್ಮ್ ನೊಣ ಅನ್ನುತ್ತಾರೆ. ಜೀವಂತ ದನಗಳ ಗಾಯದಲ್ಲಿ ಮೊಟ್ಟೆ ಇಡುತ್ತದೆ. ಗಟ್ಟಿ ಹಾರಾಟಗಾರ. ಹಾಗಿದ್ದರೂ ಬ್ರೆಜಿಲ್ಲಿನ ಸಂಶೋಧಕರು ಅದರ ಡಿಎನ್‌ಎ ನೋಡಿ 2011ರಲ್ಲಿ ಪ್ರಕಟಿಸಿದಾಗ ನಾಲ್ಕು ಗುಂಪು ಬೇರೆ ಬೇರೆಯಾಗಿ ಸಿಕ್ಕವು: ಕ್ಯೂಬಾ, ಡೊಮಿನಿಕನ್ ರಿಪಬ್ಲಿಕ್, ಅಮೆಜಾನಿನ ಉತ್ತರ, ಅಮೆಜಾನಿನ ದಕ್ಷಿಣ. ದ್ವೀಪದ ನೊಣ ಬೇರೆಯಾಗಿರುವುದು ಅರ್ಥವಾಗುತ್ತದೆ. ಆದರೆ ಅಮೆಜಾನಿನ ಆಚೆ-ಈಚೆ? ನೀರು ಮಾತ್ರವಲ್ಲ, ದಟ್ಟ ಕಾಡೂ ನೊಣಕ್ಕೆ ಅಡ್ಡಿಯಾಗಬಹುದು ಅಂತಾಯಿತು. ದನ ಇಲ್ಲದ, ತೆರೆದ ಜಾಗ ಇಲ್ಲದ ಕಾಡಿನಲ್ಲಿ ಆ ನೊಣಕ್ಕೆ ಬದುಕು ಕಷ್ಟ. ಕುಮಟಾದಿಂದ ಶಿರಸಿಗೆ ಬಸ್ಸಿನಲ್ಲಿ ಬಂದವರಿಗೆ ಆ ದಾರಿಯ ಕಾಡು ಗೊತ್ತು. ಹಾಗಾಗಿ ನಮ್ಮ ಪ್ರಶ್ನೆ ಸುಮ್ನೆ ಕೇಳಿದ ಪ್ರಶ್ನೆ ಅಲ್ಲ.

ಇದನ್ನು ಹೇಗೆ ತಿಳಿಯುವುದು? ನೊಣದ ಒಂದು ಕಾಲು ಸಾಕು. ಕಾಲಿನಿಂದ ಡಿಎನ್‌ಎ ತೆಗೆದು, ಅದರಲ್ಲಿ ಗೊತ್ತಿರುವ ಒಂದು ತುಂಡನ್ನು ಪಿಸಿಆರ್ ಯಂತ್ರದಲ್ಲಿ ಕೋಟಿಗಟ್ಟಲೆ ನಕಲು ಮಾಡಿ, ಅಕ್ಷರ ಅಕ್ಷರವಾಗಿ ಓದುತ್ತಾರೆ. ಪಿಸಿಆರ್ ಅಂದರೆ ಏನು ಅಂತ ಕೋವಿಡ್ ಬಂದ ಮೇಲೆ ಯಾರಿಗೂ ಹೇಳಬೇಕಾಗಿಲ್ಲ. ಹೆಚ್ಚಾಗಿ ಆರಿಸುವ ತುಂಡು ಸಿಒಐ ಅನ್ನುವ ಜೀನಿನದು. ಇದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಅನ್ನುವ ಭಾಗದಲ್ಲಿದೆ, ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಅದರಲ್ಲಿ 658 ಅಕ್ಷರಗಳ ಭಾಗವನ್ನು ಪ್ರಾಣಿಗಳ ಬಾರ್‌ಕೋಡ್ ಅಂತ 2003ರಿಂದ ಬಳಸುತ್ತಿದ್ದಾರೆ. ಆ 658ರಲ್ಲಿ ಎಲ್ಲೋ ಒಂದೆರಡು ಅಕ್ಷರ ಬದಲಾಗಿದ್ದರೆ ಅದು ಒಂದು ಬೇರೆ ಮಾದರಿ.

ಮುಂದಿನದು ಎಣಿಕೆಯ ಕೆಲಸ. ನಮ್ಮ ಜಿಲ್ಲೆಯ ಎರಡು ಊರಿನ ಮತದಾರರ ಪಟ್ಟಿ ತೆಗೆದುಕೊಳ್ಳಿ. ಎರಡರಲ್ಲೂ ಅವೇ ಅಡ್ಡಹೆಸರುಗಳು, ಸುಮಾರಾಗಿ ಅದೇ ಪ್ರಮಾಣದಲ್ಲಿ ಇದ್ದರೆ ಆ ಊರುಗಳ ನಡುವೆ ತಲೆಮಾರುಗಳಿಂದ ಹೋಗಿ-ಬಂದು ನಡೆದಿದೆ ಅಂತ ಊಹಿಸಬಹುದು. ಒಂದು ಊರಿನಲ್ಲಿ ತುಂಬಿರುವ ಹೆಸರು ಇನ್ನೊಂದರಲ್ಲಿ ಇಲ್ಲವೇ ಇಲ್ಲ ಅಂದರೆ ಸಂಬಂಧ ಕಡಿಮೆ. ನೊಣದಲ್ಲೂ ಅಷ್ಟೇ. ಪ್ರತಿ ಊರಿನಲ್ಲಿ ಯಾವ ಮಾದರಿ ಎಷ್ಟಿದೆ, ಒಟ್ಟು ವ್ಯತ್ಯಾಸದಲ್ಲಿ ಊರಿನ ಒಳಗಿನದು ಎಷ್ಟು, ಊರು-ಊರಿನ ನಡುವಿನದು ಎಷ್ಟು ಅಂತ ಲೆಕ್ಕ ಹಾಕುತ್ತಾರೆ. ಈ ಲೆಕ್ಕದ ದಾರಿ ಹಾಕಿದವರು ಅಮೆರಿಕದ ತಳಿವಿಜ್ಞಾನಿ ಸೀವಾಲ್ ರೈಟ್. ಊರು-ಊರಿನ ನಡುವಿನ ಪಾಲು ಸೊನ್ನೆಯ ಹತ್ತಿರ ಬಂದರೆ ಎಲ್ಲವೂ ಬೆರೆತಿವೆ, ಒಂದರ ಹತ್ತಿರ ಬಂದರೆ ಪೂರ್ತಿ ಬೇರೆ.

ಕೇಳಲಿಕ್ಕೆ ಸುಲಭ. ಆದರೆ ನೊಣ ಹಿಡಿಯುವುದರಲ್ಲೇ ಎಡವಟ್ಟು ಆಗಬಹುದು. ಅಮೆರಿಕದಲ್ಲಿ ಫೋರ್ಮಿಯಾ ರೆಜಿನಾ ಅನ್ನುವ ಕಪ್ಪು ಹೊಳಪಿನ ನೊಣವನ್ನು ದೇಶದ ಬೇರೆ ಬೇರೆ ಕಡೆ ಹಿಡಿದು ನೋಡಿದರು. ಊರು-ಊರಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ವಿಚಿತ್ರ ಇದ್ದದ್ದು ಇನ್ನೊಂದು ಕಡೆ: ಒಂದೇ ಹೊತ್ತಿನಲ್ಲಿ ಒಂದೇ ಕೊಳೆತ ಮಾಂಸಕ್ಕೆ ಬಂದ ನೊಣಗಳು ಒಂದಕ್ಕೊಂದು ಹತ್ತಿರದ ರಕ್ತಸಂಬಂಧಿಗಳಾಗಿದ್ದವು. ಯಾಕೆ ಅಂತ ಯೋಚಿಸಿದರೆ ಹೊಳೆಯುತ್ತದೆ. ಒಂದು ಹೆಣ್ಣು ಒಂದು ಸಲಕ್ಕೆ ನೂರಾರು ಮೊಟ್ಟೆ ಇಡುತ್ತದೆ. ಅವೆಲ್ಲ ಒಟ್ಟಿಗೆ ಬೆಳೆದು, ಒಟ್ಟಿಗೆ ಕೋಶ ಕಟ್ಟಿ, ಹೆಚ್ಚುಕಡಿಮೆ ಒಂದೇ ದಿನ ಹಾರುತ್ತವೆ. ನಾವು ಮೀನಿನ ತಲೆ ಇಟ್ಟು ಹಿಡಿದ ಮೂವತ್ತು ನೊಣದಲ್ಲಿ ಹತ್ತು ಒಂದೇ ತಾಯಿಯ ಮಕ್ಕಳಾಗಿದ್ದರೆ ನಾವು ಎಣಿಸಿದ್ದು ಊರನ್ನಲ್ಲ, ಒಂದು ಮನೆಯನ್ನು. ಹಾಗಾಗಿ ಒಂದೇ ಊರಿನಲ್ಲೂ ಬೇರೆ ಬೇರೆ ಕಡೆ, ಬೇರೆ ಬೇರೆ ತಿಂಗಳು ಹಿಡಿಯಬೇಕು.

ನಮ್ಮಲ್ಲೇ ಇರುವ ಕ್ರೈಸೋಮಿಯಾ ರುಫಿಫೇಸೀಸ್ ಇನ್ನೂ ಸೋಜಿಗದ್ದು. ಅದರ ಒಂದು ಹೆಣ್ಣಿಗೆ ಹುಟ್ಟುವುದೆಲ್ಲ ಹೆಣ್ಣೇ, ಇನ್ನೊಂದು ಹೆಣ್ಣಿಗೆ ಹುಟ್ಟುವುದೆಲ್ಲ ಗಂಡೇ. ಎರಡೂ ಕಲೆತು ಹುಟ್ಟುವುದಿಲ್ಲ. ಮರಿಹುಳದ ಮೈತುಂಬ ಮುಳ್ಳಿನಂಥ ಚಾಚು. ಬೇರೆ ನೊಣದ ಹುಳಗಳನ್ನೇ ತಿಂದು ಬೆಳೆಯುತ್ತದೆ. ಇದರ ಬಗ್ಗೆ ಇನ್ನೊಂದು ದಿನ ಮಾತಾಡಬಹುದು.

ಇನ್ನೊಂದು ತೊಡಕು ಸಿಒಐ ಜೀನಿನದ್ದೇ. ಅದೊಂದನ್ನೇ ನಂಬಿ ಕೂತರೆ ಮೋಸ ಹೋಗುತ್ತೇವೆ. ಹುಳವಾಗಿದ್ದಾಗ ಹಕ್ಕಿಯ ಗೂಡಿನಲ್ಲಿ ಮರಿಗಳ ರಕ್ತ ಹೀರಿ ಬದುಕುವ ಪ್ರೊಟೊಕ್ಯಾಲಿಫೋರಾ ನೊಣಗಳ ಮೇಲೆ 2007ರಲ್ಲಿ ಒಂದು ಅಧ್ಯಯನ ಬಂತು. ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವ ಜಾತಿಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಬಾರ್‌ಕೋಡಿನಿಂದ ಬೇರೆ ಮಾಡಲು ಆಗಲಿಲ್ಲ. ಕಾರಣ ವೊಲ್ಬಾಕಿಯಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು ಅಂದರು. ಅದೂ ತಾಯಿಯಿಂದಲೇ ಮಕ್ಕಳಿಗೆ ಹೋಗುವುದು. ಸೋಂಕು ಹರಡುವಾಗ ಜೊತೆಗಿದ್ದ ಮೈಟೊಕಾಂಡ್ರಿಯಾವನ್ನೂ ಹರಡಿಬಿಡುತ್ತದೆ. ಹವಾಯಿಯಲ್ಲಿ ಲುಸಿಲಿಯಾ ಕ್ಯುಪ್ರಿನಾ ನೊಣದ ಮೈಟೊಕಾಂಡ್ರಿಯಾ ಅದರ ಅಣ್ಣತಮ್ಮನ ಜಾತಿಯಾದ ಲುಸಿಲಿಯಾ ಸೆರಿಕಾಟಾದ್ದಕ್ಕೆ ಹೋಲುತ್ತದೆ. ಹಿಂದೆಂದೋ ಎರಡೂ ಕೂಡಿದ ಗುರುತು ಅದು. ಹಾಗಾಗಿ ಈಗಿನವರು ತಂದೆ-ತಾಯಿ ಇಬ್ಬರಿಂದಲೂ ಬರುವ, ಜೀವಕೋಶದ ನ್ಯೂಕ್ಲಿಯಸ್ಸಿನ ಡಿಎನ್‌ಎಯಲ್ಲೂ ಹತ್ತಾರು ಕಡೆ ನೋಡುತ್ತಾರೆ.

ಇಲ್ಲಿಗೆ ಬಂದ ಮೇಲೆ ನನ್ನ ಮುಖ್ಯ ಮಾತು ಹೇಳುತ್ತೇನೆ. ನಾವು ಗುರುತಿಗಾಗಿ ಓದುವ ಡಿಎನ್‌ಎ ಎರಡೂ ಊರಿನಲ್ಲಿ ಒಂದೇ ಥರ ಇದೆ ಅಂದ ಕೂಡಲೇ ಎರಡೂ ಊರಿನ ನೊಣ ಒಂದೇ ಅಂತ ತೀರ್ಮಾನ ಮಾಡಬಾರದು. ಗುರುತಿನ ತುಂಡು ನೊಣ ಎಲ್ಲೆಲ್ಲಿ ಓಡಾಡಿದೆ ಅಂತ ಹೇಳುತ್ತದೆ. ಅದು ಹೇಗೆ ಬದುಕುತ್ತದೆ ಅಂತ ಹೇಳುವುದಿಲ್ಲ. ಹೇಗೆ ಬದುಕುತ್ತದೆ ಅನ್ನುವುದನ್ನು ನಡೆಸುವ ಜೀನುಗಳು ಬೇರೆ. ಎಲ್ಲ ಬೆರೆತಿದ್ದರೂ ಆ ಕೆಲವು ಜೀನು ಮಾತ್ರ ಒಂದೊಂದು ಕಡೆ ಒಂದೊಂದು ಥರ ಇರಲು ಸಾಧ್ಯ.

ಆಸ್ಟ್ರೇಲಿಯಾದ ಕಥೆ ಕೇಳಿ. ಅಲ್ಲಿ ಲುಸಿಲಿಯಾ ಕ್ಯುಪ್ರಿನಾ ಕುರಿಗಳಿಗೆ ದೊಡ್ಡ ಕಾಟ. ಒದ್ದೆ ಉಣ್ಣೆಯಲ್ಲಿ ಮೊಟ್ಟೆ ಇಟ್ಟರೆ ಹುಳಗಳು ಕುರಿಯ ಚರ್ಮವನ್ನೇ ತಿನ್ನುತ್ತವೆ. 1950ರ ದಶಕದ ಕೊನೆಗೆ ಡಯಾಜಿನಾನ್ ಅನ್ನುವ ಕೀಟನಾಶಕ ಬಂತು. 1960ರ ದಶಕದ ನಡುವಿಗೆಲ್ಲ ಅದಕ್ಕೆ ಜಗ್ಗದ ನೊಣ ಹುಟ್ಟಿಕೊಂಡಿತ್ತು. ಎಸ್ಟರೇಸ್ ಅನ್ನುವ ಒಂದು ಕಿಣ್ವದಲ್ಲಿ 137ನೇ ಜಾಗದ ಒಂದು ಅಮೈನೊ ಆಮ್ಲ ಬದಲಾಗಿತ್ತು, ಅಷ್ಟೇ. ಗ್ಲೈಸಿನ್ ಇದ್ದಲ್ಲಿ ಆಸ್ಪಾರ್ಟಿಕ್ ಆಮ್ಲ ಬಂದು ಕೂತಿತ್ತು. ಮೊದಲು ವಿಷಕ್ಕೆ ಸಿಕ್ಕಿಬೀಳುತ್ತಿದ್ದ ಕಿಣ್ವ ಈಗ ವಿಷವನ್ನೇ ಒಡೆಯತೊಡಗಿತು. ಇದೇ ಬದಲಾವಣೆ ಮನೆನೊಣದಲ್ಲೂ ಆಗಿದೆ, ತನ್ನಷ್ಟಕ್ಕೆ.

ಆ ಬದಲಾವಣೆ ವಿಷ ಬರುವ ಮೊದಲೇ ಎಲ್ಲೋ ಇತ್ತಾ, ಆಮೇಲೆ ಹುಟ್ಟಿತಾ? ಅದಕ್ಕೆ ಉತ್ತರ ಸಿಕ್ಕಿದ್ದು ಮ್ಯೂಸಿಯಂನಲ್ಲಿ. ಯಾರೋ ಎಂದೋ ಹಿಡಿದು ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಟ್ಟ ಹಳೆಯ ನೊಣಗಳು ಅಲ್ಲಿದ್ದವು. ಈ ವಿಷಗಳ ಬಳಕೆ ಶುರುವಾಗುವ ಮೊದಲಿನವು. ಅವುಗಳ ಡಿಎನ್‌ಎ ತೆಗೆದು ನೋಡಿ 2006ರಲ್ಲಿ ಪ್ರಕಟಿಸಿದರು. ಡಯಾಜಿನಾನಿಗೆ ಜಗ್ಗದ ಮಾದರಿ ಒಂದರಲ್ಲೂ ಇರಲಿಲ್ಲ. ಆದರೆ ಮ್ಯಾಲಥಿಯಾನ್ ಅನ್ನುವ ಇನ್ನೊಂದು ಕೀಟನಾಶಕಕ್ಕೆ ಜಗ್ಗದ ಮಾದರಿ ಆಗಲೇ ಇತ್ತು! ಆ ವಿಷ ಬರುವ ಮೊದಲೇ ಅದನ್ನು ತಡೆದುಕೊಳ್ಳುವ ನೊಣ ಕುರಿಗಳ ನಡುವೆ ಹಾರಾಡಿಕೊಂಡಿತ್ತು. ಒಂದು ಬಳಗದೊಳಗೆ ವೈವಿಧ್ಯ ಇರುವುದು ಅಂದರೆ ಇದೇ. ಇವತ್ತು ಯಾವ ಉಪಯೋಗಕ್ಕೂ ಬಾರದ ಬದಲಾವಣೆ ನಾಳೆ ಜೀವ ಉಳಿಸುತ್ತದೆ. ನೊಣದ ಜೀವ, ನಮ್ಮದಲ್ಲ.

ಇದಕ್ಕೊಂದು ಬಾಲ ಇದೆ, ನನಗೆ ಬಹಳ ಇಷ್ಟವಾದದ್ದು. ಡಯಾಜಿನಾನಿಗೆ ಜಗ್ಗದ ನೊಣಗಳು ಮೊದಮೊದಲು ಎಡ-ಬಲ ಸರಿಯಾಗಿರಲಿಲ್ಲ. ಮೈಮೇಲಿನ ಬಿರುಗೂದಲು ಎಣಿಸಿದರೆ ಎಡಕ್ಕೆ ಒಂದು ಸಂಖ್ಯೆ, ಬಲಕ್ಕೆ ಇನ್ನೊಂದು. ವಿಷ ತಡೆಯುವುದಕ್ಕೆ ತೆತ್ತ ಬೆಲೆ ಅದು. ಮುಂದೆ ಇನ್ನೊಂದು ಜೀನು ಆ ದೋಷವನ್ನು ಸರಿಮಾಡಿತು, ಕೂದಲು ಮತ್ತೆ ಸಮವಾಯಿತು. 1980ರ ದಶಕದಲ್ಲಿ ಆಸ್ಟ್ರೇಲಿಯಾದವರು ಇದನ್ನು ಕೂತು ಎಣಿಸಿ ಕಂಡುಕೊಂಡರು. ನೊಣದ ಕೂದಲು ಎಣಿಸಲು ಸರ್ಕಾರ ದುಡ್ಡು ಕೊಡಬೇಕಾ ಅಂತ ಕೇಳುವವರಿಗೆ ಈ ಕಥೆ ಹೇಳಿ.

ಎರಡನೇ ಉದಾಹರಣೆ ಕೋರ್ಟಿನದು. ಹೆಣದ ಮೇಲಿನ ಹುಳದ ವಯಸ್ಸು ನೋಡಿ ಸಾವು ಎಷ್ಟು ದಿನದ ಹಿಂದೆ ಆಗಿದ್ದು ಅಂತ ಅಂದಾಜು ಮಾಡುತ್ತಾರೆ. 1935ರಲ್ಲಿ ಸ್ಕಾಟ್ಲೆಂಡಿನಲ್ಲಿ ಹೆಣಗಳು ಸಿಕ್ಕ ರಕ್ಸ್‌ಟನ್ ಪ್ರಕರಣದಲ್ಲಿ ಹುಳಗಳ ವಯಸ್ಸು 12ರಿಂದ 14 ದಿನ ಅಂತ ಹೇಳಿದ್ದು ತನಿಖೆಗೆ ನೆರವಾಯಿತು. ಹುಳ ಬೆಳೆಯುವ ವೇಗ ಸೆಕೆಯನ್ನು ಅವಲಂಬಿಸಿದೆ. ಅದಕ್ಕೆ ಪಟ್ಟಿಗಳಿವೆ. ಆದರೆ ಪಟ್ಟಿ ಮಾಡಿದ್ದು ಎಲ್ಲಿಯ ನೊಣದಲ್ಲಿ? ಲುಸಿಲಿಯಾ ಸೆರಿಕಾಟಾವನ್ನು ಕ್ಯಾಲಿಫೋರ್ನಿಯಾದ ಎರಡು ಊರು ಮತ್ತು ಮ್ಯಾಸಚೂಸೆಟ್ಸ್‌ನ ಒಂದು ಊರಿನಿಂದ ತಂದು ಒಂದೇ ತಾಪಮಾನದಲ್ಲಿ ಸಾಕಿದಾಗ ಬೆಳೆಯಲು ತೆಗೆದುಕೊಂಡ ಹೊತ್ತು ಬೇರೆ ಬೇರೆ ಆಯಿತು. ಜಾತಿ ಒಂದೇ, ಪೆಟ್ಟಿಗೆಯ ತಾಪಮಾನ ಒಂದೇ. ಹಾಗಾದರೆ ವ್ಯತ್ಯಾಸ ಬಂದದ್ದು ನೊಣದ ಮೂಲದಿಂದ.

ಈ ಪ್ರಯೋಗದ ಕ್ರಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಚಳಿಗಾಲದ ರಾತ್ರಿ ಅಲ್ಲಿ ಹೊದಿಕೆ ಬೇಕು, ಕಾರವಾರದಲ್ಲಿ ಫ್ಯಾನ್ ಬೇಕು. ಶಿರಸಿಯ ಅಂಗಳದಲ್ಲಿ ಹುಳ ನಿಧಾನ ಬೆಳೆಯಿತು ಅಂದರೆ ಅದು ಬರೀ ಚಳಿಯ ಕೆಲಸ ಇರಬಹುದು. ಎರಡೂ ಕಡೆಯ ನೊಣ ತಂದು ಒಂದೇ ಕೋಣೆಯಲ್ಲಿ, ಒಂದೇ ಆಹಾರ ಹಾಕಿ ಸಾಕಬೇಕು. ತಂದ ನೊಣವನ್ನಲ್ಲ, ಅದರ ಮೊಮ್ಮಕ್ಕಳನ್ನು ಅಳೆಯಬೇಕು. ತಾಯಿ ಉಂಡದ್ದರ ಪರಿಣಾಮ ಮೊಟ್ಟೆಯ ಮೇಲೂ ಇರುತ್ತದೆ ಅಲ್ವಾ, ಅದಕ್ಕೆ. ಆಗಲೂ ವ್ಯತ್ಯಾಸ ಉಳಿದರೆ ಅದು ವಂಶದ್ದು.

ನಮ್ಮ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಜಾಗ ಹೇಳಿ ಮಾಡಿಸಿದ ಹಾಗಿದೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಕರಾವಳಿಯುದ್ದಕ್ಕೂ ಒಂದು ಸಾಲು. ನಡುವೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅಡ್ಡ ಹರಿಯುತ್ತವೆ. ಘಟ್ಟದ ಮೇಲೆ ಯಲ್ಲಾಪುರ, ಶಿರಸಿ, ಸಿದ್ದಾಪುರ ಇನ್ನೊಂದು ಸಾಲು. ನನ್ನ ಊಹೆ ಕೇಳಿದರೆ, ಸಿಒಐ ಮಟ್ಟಿಗೆ ಮೆಗಾಸೆಫಲಾ ನೊಣದಲ್ಲಿ ಘಟ್ಟದ ಮೇಲೆ-ಕೆಳಗೆ ಅಂತ ಭೇದ ಸಿಗಲಿಕ್ಕಿಲ್ಲ. ಮೀನಿನ ಗಾಡಿಗಳು ಅದನ್ನು ಅಳಿಸಿರುತ್ತವೆ. ಬೆಳೆಯುವ ವೇಗದಲ್ಲಿ ಸಿಕ್ಕರೂ ಸಿಗಬಹುದು. ಪೇಟೆಯ ನೊಣ ಬಿಟ್ಟು ಕಾಡಿನೊಳಗಿನ ಜಾತಿಗಳನ್ನು ನೋಡಿದರೆ ಉತ್ತರ ಬೇರೆಯೇ ಇರಬಹುದು. ಅವು ಮೀನಿನ ಗಾಡಿ ಹತ್ತುವುದಿಲ್ಲ.

ನೊಣ ಅಂದರೆ ಬರೀ ಕಾಟ ಅಂತಲೂ ಅಲ್ಲ. ಮಾವಿನ ಹೂವಿಗೆ ಜೇನಿಗಿಂತ ನೊಣ ಬರುವುದೇ ಹೆಚ್ಚು. ಅಂಕೋಲೆಯ ಕರಿ ಈಶಾಡು ಮಾವಿನ ಹಣ್ಣಿಗೆ ಭೌಗೋಳಿಕ ಗುರುತು ಸಿಕ್ಕಾಗ ಎಲ್ಲರೂ ಖುಷಿಪಟ್ಟೆವು, ಹೂವಿಗೆ ಓಡಾಡಿದ ನೊಣವನ್ನು ಯಾರೂ ನೆನೆಯಲಿಲ್ಲ.

ಇನ್ನು ಪ್ರಶ್ನೆಗಳು.

ಒಣಮೀನು ಮಾಡುವ ಒಬ್ಬ ಅಕ್ಕ ಕೇಳಿದರು: 'ಮಾಸ್ತರೇ, ಮೋಡ ಹಾಕಿದ್ರೆ ಮೀನಿಗೆ ಹುಳ ಬೀಳ್ತದೆ. ನಿಮ್ಮ ಡಿಎನ್‌ಎ ಓದಿದ್ರೆ ನಮಗೆ ಏನು ಸಿಗ್ತದೆ?'

ನೇರವಾದ ಪ್ರಶ್ನೆ. ಹುಳ ತಪ್ಪಿಸಲು ಡಿಎನ್‌ಎ ಬೇಡ. ಉಪ್ಪು ಸರಿಯಾಗಿ ಹಿಡಿಸಬೇಕು, ಮರಳಿನ ಮೇಲೆ ಹರಡುವ ಬದಲು ಎತ್ತರದ ತಟ್ಟಿಯ ಮೇಲೆ ಒಣಗಿಸಬೇಕು, ಮೇಲೆ ಬಲೆ ಮುಚ್ಚಬೇಕು. ಮೀನು ಬೇಗ ಒಣಗಿದಷ್ಟೂ ನೊಣಕ್ಕೆ ಅವಕಾಶ ಕಡಿಮೆ. ಆದರೆ ಯಾರಾದರೂ ಸುಲಭಕ್ಕೆ ಔಷಧಿ ಹೊಡೆಯಿರಿ ಅಂದರೆ ಕೇಳಬೇಡಿ. ಅದು ತಿನ್ನುವವರ ಹೊಟ್ಟೆಗೆ ಹೋಗುತ್ತದೆ. ಎರಡನೆಯದು, ಆಸ್ಟ್ರೇಲಿಯಾದಲ್ಲಿ ಆದ ಹಾಗೆ ಔಷಧಿಗೆ ಸಾಯದ ನೊಣವನ್ನೇ ನಾವು ಆರಿಸಿ ಬೆಳೆಸಿದಂತಾಗುತ್ತದೆ. ಎಲ್ಲ ಊರಿನ ನೊಣ ಬೆರೆತಿದ್ದರೆ ಒಂದು ಊರಿನಲ್ಲಿ ಹುಟ್ಟಿದ ಅಂಥ ನೊಣ ಎಲ್ಲ ಊರಿಗೂ ಬರುತ್ತದೆ. ಡಿಎನ್‌ಎ ಓದುವುದರಿಂದ ಗೊತ್ತಾಗುವುದು ಅದು.

ಒಬ್ಬ ವಿದ್ಯಾರ್ಥಿನಿ ಕೇಳಿದಳು: 'ಸರ್, ಗಂಡು ನೊಣವನ್ನು ಬಂಜೆ ಮಾಡಿ ಬಿಡ್ತಾರಂತಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?'

ಇದೆ. ಅಮೆರಿಕದ ಕೀಟವಿಜ್ಞಾನಿಗಳಾದ ನಿಪ್ಲಿಂಗ್ ಮತ್ತು ಬುಶ್‌ಲ್ಯಾಂಡ್ ಈ ದಾರಿ ಕಂಡುಕೊಂಡವರು. ಸ್ಕ್ರೂವರ್ಮ್ ಹೆಣ್ಣು ಸಾಮಾನ್ಯವಾಗಿ ಒಂದೇ ಸಲ ಕೂಡುತ್ತದೆ. ವಿಕಿರಣ ಕೊಟ್ಟ ಗಂಡಿನ ಜೊತೆ ಕೂಡಿದರೆ ಅದರ ಮೊಟ್ಟೆ ಒಡೆಯುವುದಿಲ್ಲ. 1954ರಲ್ಲಿ ಕುರಸಾವ್ ದ್ವೀಪದಲ್ಲಿ ಹೀಗೆ ಆ ನೊಣವನ್ನು ಪೂರ್ತಿ ಇಲ್ಲವಾಗಿಸಿದರು. 1988ರಲ್ಲಿ ಅದು ಲಿಬಿಯಾದಲ್ಲಿ ಕಾಣಿಸಿದಾಗ ಮೆಕ್ಸಿಕೊದ ಕಾರ್ಖಾನೆಯಿಂದ ವಿಮಾನದಲ್ಲಿ ಬಂಜೆ ನೊಣ ತರಿಸಿ ಅಲ್ಲೂ ಮುಗಿಸಿದರು. ಇದು ನಡೆಯಬೇಕಾದರೆ ಎರಡು ವಿಷಯ ಗೊತ್ತಿರಬೇಕು. ನಾವು ಸಾಕಿದ ಗಂಡನ್ನು ಆ ಊರಿನ ಹೆಣ್ಣು ಒಪ್ಪುತ್ತದಾ? ಪಕ್ಕದ ಸೀಮೆಯಿಂದ ಹೊಸ ನೊಣ ಬರುತ್ತಲೇ ಇರುತ್ತದಾ? ದ್ವೀಪದಲ್ಲಿ ಗೆಲ್ಲುವುದು ಸುಲಭ, ಬಯಲಿನಲ್ಲಿ ಕಷ್ಟ. ಗೆದ್ದ ಮೇಲೂ ಕಾವಲು ಬೇಕು. ಮಧ್ಯ ಅಮೆರಿಕದಲ್ಲಿ ಓಡಿಸಿದ್ದ ನೊಣ 2023ರಿಂದ ಮತ್ತೆ ಉತ್ತರಕ್ಕೆ ಸರಿದು 2024ರ ನವೆಂಬರಿನಲ್ಲಿ ಮೆಕ್ಸಿಕೊ ತಲುಪಿತು.

ಕೊನೆಯ ಪ್ರಶ್ನೆ ಶಿರಸಿ ಕಡೆಯ ಒಬ್ಬ ಹೆಗಡೆಯವರದು: 'ದನದ ಗಾಯಕ್ಕೆ ಹುಳ ಬಿದ್ರೆ ನಾವು ಟರ್ಪೆಂಟೈನ್ ಹಾಕ್ತೇವೆ. ಆ ಹುಳ ನಿಮಗೆ ಬೇಕಾ?'

ಖಂಡಿತ ಬೇಕು. ನಮ್ಮಲ್ಲಿ ಜೀವಂತ ಗಾಯಕ್ಕೆ ಬೀಳುವುದು ಹೆಚ್ಚಾಗಿ ಕ್ರೈಸೋಮಿಯಾ ಬೆಜಿಯಾನಾ. ಡಿಎನ್‌ಎ ಪ್ರಕಾರ ಇದರಲ್ಲಿ ಆಫ್ರಿಕಾದ ಬಳಗ ಬೇರೆ, ಏಷ್ಯಾದ ಬಳಗ ಬೇರೆ ಅಂತ 2001ರಲ್ಲೇ ಗೊತ್ತಾಗಿದೆ. ಕರುವಿನ ಹೊಕ್ಕುಳಿಗೂ ಬೀಳುತ್ತದೆ, ಗೊರಸಿನ ಸಂದಿಗೂ ಬೀಳುತ್ತದೆ. ಮೊದಲು ದನದ ಡಾಕ್ಟರನ್ನು ಕರೆಯಿರಿ, ಆರೈಕೆ ನಿಲ್ಲಿಸಬೇಡಿ. ಎಣ್ಣೆ ಹಾಕುವ ಮೊದಲು ಚಿಮಟದಲ್ಲಿ ಐದಾರು ಹುಳ ತೆಗೆದಿಟ್ಟುಕೊಂಡರೆ ಸಾಕು. ಗಾಯದ ಮೇಲ್ಮೈಯಿಂದ ಮಾತ್ರ ತೆಗೆಯಬೇಡಿ, ಆಳದಲ್ಲಿ ತಲೆ ಕೆಳಗಾಗಿ ಹುದುಗಿರುವುದೇ ನಮಗೆ ಬೇಕಾದದ್ದು. ಬಿಸಿ ನೀರಿನಲ್ಲಿ ಒಮ್ಮೆ ಅದ್ದಿ ಆಲ್ಕೋಹಾಲಿಗೆ ಹಾಕಿ. ಫಾರ್ಮಲಿನ್ ಬೇಡ, ಡಿಎನ್‌ಎ ಕೆಡುತ್ತದೆ. ಮಾರನೇ ದಿನ ಆಲ್ಕೋಹಾಲ್ ಬದಲಿಸಿ, ಹುಳದ ಮೈಯ ನೀರು ಅದರಲ್ಲಿ ಬೆರೆತಿರುತ್ತದೆ. ಚೀಟಿಯಲ್ಲಿ ಊರು, ತಾರೀಕು, ಯಾವ ಪ್ರಾಣಿ, ಗಾಯ ಎಲ್ಲಿತ್ತು ಅಂತ ಪೆನ್ಸಿಲಿನಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲಿಗೆ ಅಳಿಸಿಹೋಗುತ್ತದೆ. ಎರಡು ದನಕ್ಕೆ ಬಿದ್ದರೆ ಎರಡು ಬಾಟಲಿ, ಕಲೆಸಬೇಡಿ.